ವಂಶವೃಕ್ಷ ಬರೆಯುವವರು ಎಡವುವುದು ‘ಬಿನ್’ ಹತ್ತಿರ

ಕೋಲಾರ, ಚಿಕ್ಕಬಳ್ಳಾಪುರ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇದೆ. ವಂಶವೃಕ್ಷ ಬರೆಯಲು ಕೂತವರು ಮೂರನೇ ತಲೆಮಾರಿಗೇ ತಾತನನ್ನೂ ಮೊಮ್ಮಗನನ್ನೂ ಒಬ್ಬರೇ ಮಾಡಿಬಿಡುವುದು ಇದರಿಂದಲೇ.

ಮೊದಲ ಕೆಲಸ, ಮನೆಯ ಹಿರಿಯರನ್ನು ಕೇಳುವುದು. ಹೆಸರಿನ ಜೊತೆಗೆ ಮನೆದೇವರು, ಬೆಡಗು (ಕುಲದೊಳಗಿನ ಬಳಿ) ಅಥವಾ ಇಂಟಿಪೇರು (ತೆಲುಗು ಮನೆಗಳಲ್ಲಿ ಮನೆತನದ ಹೆಸರು), ಹೆಣ್ಣು ಕೊಟ್ಟ ಊರು, ತಂದ ಊರು ಬರೆದುಕೊಳ್ಳಿ.

ಆಮೇಲೆ ಪಹಣಿ. 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಜಮೀನು ಬಂದ ರೀತಿ, ಅದರ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆಯ (ಮ್ಯುಟೇಶನ್) ರಿಜಿಸ್ಟರಿನ ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ಮ್ಯುಟೇಶನ್ ಮತ್ತು ಹಳೆಯ ಕೈಬರಹದ ಪಹಣಿಯ ದೃಢೀಕೃತ ನಕಲು ಪಡೆಯಿರಿ.

ಕಷ್ಟ ಶುರುವಾಗುವುದು ಇಲ್ಲಿ. ‘ಮುನಿಯಪ್ಪ ಬಿನ್ ವೆಂಕಟಪ್ಪ ಮೃತರಾದ್ದರಿಂದ ಮಗ ವೆಂಕಟಪ್ಪನ ಹೆಸರಿಗೆ ಪೌತಿ ಖಾತೆ’ ಎಂದಿದೆ ಅನ್ನಿ. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ, ಪೌತಿ ಎಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಆಗುವುದು. ಇದೊಂದೇ ಸಾಲಿನಲ್ಲಿ ಇಬ್ಬರು ವೆಂಕಟಪ್ಪಂದಿರು ಇದ್ದಾರೆ: ಒಬ್ಬರು ತಾತ, ಒಬ್ಬರು ಮೊಮ್ಮಗ. ಆದ್ದರಿಂದ ಸಿಕ್ಕ ಪ್ರತಿ ಹೆಸರಿಗೂ ಬೇರೆ ಚೀಟಿ ಮಾಡಿ, ತಂದೆಯ ಹೆಸರು, ಊರು, ಸರ್ವೆ ನಂಬರ್, ವರ್ಷ ನಾಲ್ಕನ್ನೂ ಬರೆಯಿರಿ. ತಂದೆಯ ಹೆಸರು, ಸರ್ವೆ ನಂಬರ್ ಎರಡೂ ಕೂಡಿ ಬಂದು, ವರ್ಷವೂ ಹೊಂದಿದರೆ ಮಾತ್ರ ಎರಡು ಚೀಟಿ ಸೇರಿಸಿ. ಹೆಸರೊಂದೇ ಸಾಕೆಂದು ಸೇರಿಸಲೇಬೇಡಿ. ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ ಅಣ್ಣತಮ್ಮಂದಿರಾಗಿದ್ದರೆ ಬರೆದವರ ಕೈಯಲ್ಲಿ ಇಬ್ಬರೂ ಬರೀ ಮುನಿಯಪ್ಪ ಆಗಿರಬಹುದು. ಆಗ ಹಿಸ್ಸಾ (ಸರ್ವೆ ನಂಬರಿನ ಒಳಭಾಗ) ನೋಡಿ. ಸರ್ವೆ ನಂಬರ್ 47 ಒಡೆದು 47/1, 47/2 ಆಗಿದ್ದರೆ ಭಾಗವಾಗಿರಬಹುದು, ಮಾರಿದ್ದೂ ಇರಬಹುದು. ವಿಭಾಗ ಪತ್ರ ಅಥವಾ ಕ್ರಯಪತ್ರ ತೆಗೆಸಿದರೆ ಗೊತ್ತಾಗುತ್ತದೆ.

ಹಳೆಯ ಪತ್ರದಲ್ಲಿ ಸಂವತ್ಸರ ಮಾತ್ರ ಇದ್ದರೆ ಇನ್ನೂ ಎಚ್ಚರ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ‘ಧಾತು’ ಎಂದರೆ ಮಹಾಬರಗಾಲದ 1876-77 ಇರಬಹುದು, 1936-37 ಕೂಡ ಇರಬಹುದು. ತಿಥಿ, ವಾರ ಬರೆದಿದ್ದರೆ ಎರಡೂ ವರ್ಷದ ಪಂಚಾಂಗದಲ್ಲಿ ತಾಳೆ ನೋಡಿ. ತಲೆಮಾರಿಗೆ ಸುಮಾರು 25 ವರ್ಷದ ಲೆಕ್ಕ ಹಾಕಿದರೂ ಸಾಕು, ತಪ್ಪು ಎದ್ದು ಕಾಣುತ್ತದೆ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷವನ್ನು ನಕಲು ಮಾಡಿ ಮುಗಿಸುವ ಅಡ್ಡದಾರಿ ಬೇಡ. ಅದು ಅರ್ಜಿದಾರರ ಹೇಳಿಕೆ, ಮಹಜರಿನ ಮೇಲೆ ವಾರಸುದಾರಿಕೆಗಾಗಿ ಆಗುವ ಕಾಗದ. ಹಳೆಯ ಪೌತಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದೇ ಹೆಚ್ಚು. ಶಾಲೆಯ ದಾಖಲಾತಿ ರಿಜಿಸ್ಟರ್, ಲಗ್ನಪತ್ರಿಕೆ ಹುಡುಕಿ ಅವರನ್ನು ಸೇರಿಸಲೇಬೇಕು. ಅವರಿಲ್ಲದ ವೃಕ್ಷ ಅರ್ಧ ವೃಕ್ಷ.

ಊರಿನ ಶಾಸನಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ಕೋಲಾರ ಜಿಲ್ಲೆಯ 10ನೇ ಸಂಪುಟ ನೋಡಿ. 1905ರಲ್ಲಿ ಬಿ.ಎಲ್. ರೈಸ್ ತಂದದ್ದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆದದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ, ಗೌರಿಬಿದನೂರಿನ ಶಾಸನಗಳೂ ಇದೇ ಕೋಲಾರ ಸಂಪುಟದಲ್ಲಿವೆ. ವೀರಗಲ್ಲಿನ ಹೆಸರು ನಿಮ್ಮ ಮುತ್ತಾತನ ಹೆಸರಿನಂತಿದೆ ಎಂದು ನೆಂಟಸ್ತಿಕೆ ಕಟ್ಟಬೇಡಿ. ಅಕ್ಷರ ಕಾಣಲೆಂದು ಎಣ್ಣೆ, ಸುಣ್ಣ ಬಳಿಯುವುದು ಕಲ್ಲಿಗೇ ಕೇಡು. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ.

ಸಿಕ್ಕ ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮೂಲವನ್ನು ಮಡಿಸದೆ ಒಣ ಜಾಗದಲ್ಲಿಡಿ.