ಐದು ಜನ ಮುಂದೆ, ಐದು ಜನ ಹಿಂದೆ: ನಮ್ಮ ಹುಡುಗರಿಗೆ 3-2-5 ಕಲಿಸಿದ್ದು

ಬೆಂಗಳೂರಿನಲ್ಲಿ ಹದಿನೈದು ವರ್ಷದೊಳಗಿನ ಹುಡುಗರಿಗೆ ನಾನು ಫುಟ್‌ಬಾಲ್ ಕೋಚ್. ಆಟ ಶುರುವಾಗುವಾಗ ನಮ್ಮದು 4-3-3: ಗೋಲ್‌ಕೀಪರ್ ಬಿಟ್ಟು ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಬಾಲ್ ನಮ್ಮ ಹತ್ತಿರ ಬಂದರೆ ಅದೇ ತಂಡ 3-2-5 ಆಗಿ ನಿಲ್ಲುತ್ತದೆ. 2022-23ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಆಟ ನೋಡಿದವರಿಗೆ ಇದು ಗೊತ್ತು. ಡಿಫೆಂಡರ್ ಜಾನ್ ಸ್ಟೋನ್ಸ್ ಹಿಂದಿನ ಸಾಲು ಬಿಟ್ಟು ಮಿಡ್‌ಫೀಲ್ಡ್‌ಗೆ ಬಂದು ಮಿಡ್‌ಫೀಲ್ಡರ್ ರೋಡ್ರಿ ಪಕ್ಕ ನಿಲ್ಲುತ್ತಿದ್ದರು. ಮುಂದೆ ಐವರು ಮೈದಾನದ ಅಗಲಕ್ಕೂ ಹರಡಿಕೊಳ್ಳುತ್ತಿದ್ದರು.

ಹುಡುಗರ ಕಣ್ಣೆಲ್ಲ ಆ ಮುಂದಿನ ಐವರ ಮೇಲೆ. ನಾನು ಶುರು ಮಾಡಿದ್ದು ಹಿಂದಿನ ಐವರಿಂದ. ದಾಳಿ ಮಾಡುವ ತಂಡಕ್ಕೆ ದೊಡ್ಡ ಅಪಾಯ ಬಾಲ್ ಕಳೆದುಕೊಂಡ ಮೊದಲ ಕೆಲವು ಸೆಕೆಂಡುಗಳಲ್ಲಿ. ಆಗ ಮೂವರು ಬ್ಯಾಕ್, ಅವರ ಮುಂದೆ ಇಬ್ಬರು ನಡುಭಾಗ ಮುಚ್ಚಿ ನಿಂತಿದ್ದರೆ ಎದುರಾಳಿ ನೇರವಾಗಿ ನುಗ್ಗೋಕಾಗಲ್ಲ. ಬದಿಗೆ ಸುತ್ತಿ ಬರಬೇಕು. ಅಷ್ಟರಲ್ಲಿ ನಮ್ಮವರು ವಾಪಸ್ ಬಂದಿರುತ್ತಾರೆ. ಹಿಂದೆ ಈ ಭರವಸೆ ಇದ್ದರೇ ಮುಂದಿನವರು ಧೈರ್ಯವಾಗಿ ಓಡುತ್ತಾರೆ.

ನಮ್ಮಲ್ಲಿ ಸ್ಟೋನ್ಸ್ ಹಾಗೆ ಮಿಡ್‌ಫೀಲ್ಡ್ ಒಳಗೆ ಬರುವವನು ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್. ಸಿಟಿಯ ಆ ತಂಡದ ಕೋಚ್ ಗಾರ್ಡಿಯೋಲಾ ಅದಕ್ಕೂ ಮೊದಲು ಜರ್ಮನಿಯ ಬಯರ್ನ್ ಮ್ಯೂನಿಕ್‌ನಲ್ಲಿದ್ದಾಗ ಫುಲ್‌ಬ್ಯಾಕ್‌ಗಳಾದ (ಬದಿಯ ಡಿಫೆಂಡರ್‌ಗಳಾದ) ಲಾಮ್, ಅಲಾಬಾ ಇಬ್ಬರನ್ನೂ ಹೀಗೆ ಒಳಗೆ ತಂದಿದ್ದರು. ನಮ್ಮ ಹುಡುಗನಿಗೆ ಒಂದೇ ನಿಯಮ: ಬಾಲ್ ನಮ್ಮ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಕಾಲಲ್ಲಿ ನೆಲೆ ನಿಂತ ಮೇಲೆ ಒಳಗೆ ಬಾ, ಅದಕ್ಕೆ ಮೊದಲು ಬೇಡ.

ಆಮೇಲೆ ಮುಂದಿನ ಸಾಲು. ಸುಣ್ಣದ ಪುಡಿಯಿಂದ ಮೈದಾನವನ್ನು ಉದ್ದಕ್ಕೆ ಐದು ಪಟ್ಟಿ ಮಾಡಿದೆ. ಒಂದು ಪಟ್ಟಿಗೆ ಒಬ್ಬ. ಎರಡು ಬದಿಯಲ್ಲಿ ದಾಳಿ ಮಾಡುವ ವಿಂಗರ್‌ಗಳಿಬ್ಬರೂ ಸೈಡ್‌ಲೈನ್ ಮೇಲೇ ನಿಲ್ಲಬೇಕು. ಲೆಫ್ಟ್ ವಿಂಗರ್‌ಗೆ ಇದು ಬಹಳ ಕಷ್ಟವಾಯಿತು. "ಸರ್, ನಂಗೆ ಬಾಲೇ ಬರ್ತಿಲ್ಲ, ಸುಮ್ನೆ ನಿಂತಿದೀನಿ" ಅಂದ. ಆಟ ನಿಲ್ಲಿಸಿ ತೋರಿಸಿದೆ: "ಅವರ ಬ್ಯಾಕ್ ಎಲ್ಲಿದಾನೆ ನೋಡು. ನಿನ್ನ ಪಕ್ಕದಲ್ಲೇ ಅಲ್ವಾ? ಅವನಿಗೂ ಸೆಂಟರ್ ಬ್ಯಾಕ್‌ಗೂ ನಡುವೆ ಎಷ್ಟು ಜಾಗ ಆಗಿದೆ ನೋಡು. ಅದನ್ನ ಮಾಡಿಕೊಟ್ಟಿದ್ದು ನೀನು." ಆ ಜಾಗಕ್ಕೇ ನಮ್ಮ ಎಂಟನೇ ನಂಬರ್ ಹುಡುಗ, ಅಂದರೆ ಮುಂದೆ ಹೋಗುವ ಮಿಡ್‌ಫೀಲ್ಡರ್, ಓಡಿ ಬಂದು ಬಾಲ್ ತಗೊಳ್ಳುವುದು.

ಬಾಲ್ ತಗೊಳ್ಳುವ ರೀತಿಯ ಮೇಲೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ಎದುರಾಳಿಯ ಗೋಲಿಗೆ ಪೂರ್ತಿ ಬೆನ್ನು ಹಾಕಿ ನಿಂತರೆ ಬಾಲ್ ಹಿಂದಕ್ಕೆ ಕೊಡುವುದೊಂದೇ ದಾರಿ. ಅಡ್ಡಡ್ಡ ನಿಲ್ಲಬೇಕು. ಬಾಲ್ ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಬೇಕು. ಗೋಲಿನ ಕಡೆಗಿರುವ ಕಾಲಿನಿಂದ ಬಾಲ್ ಹಿಡಿದರೆ ಮೊದಲ ಟಚ್‌ನಲ್ಲೇ ತಿರುಗಿ ಆಗಿರುತ್ತದೆ. ಒಂದೇ ಪಾಸ್‌ನಲ್ಲಿ ಅವರ ಮಿಡ್‌ಫೀಲ್ಡ್ ಪೂರ್ತಿ ಹಿಂದೆ ಉಳಿಯುತ್ತದೆ. ಇದನ್ನು ನೋಡುವಾಗ ನನಗೆ ಗೋಲು ಬಿದ್ದಷ್ಟೇ ಖುಷಿ.

ಕೊನೆಯ ಪಾಸ್ ಹೆಚ್ಚಾಗಿ ಕಟ್‌ಬ್ಯಾಕ್. ಗೋಲ್ ಲೈನ್ ತನಕ ಹೋಗಿ, ಅಲ್ಲಿಂದ ಪೆನಾಲ್ಟಿ ಸ್ಪಾಟ್ ಕಡೆಗೆ ನೆಲದ ಮೇಲೇ ಹಿಂದಕ್ಕೆ. ಡಿಫೆಂಡರ್‌ಗಳು ತಮ್ಮ ಗೋಲಿನ ಕಡೆ ಓಡುತ್ತಿರುತ್ತಾರೆ, ಬೆನ್ನ ಹಿಂದೆ ಬರುವವನು ಅವರಿಗೆ ಕಾಣಲ್ಲ. ಬಾಲಿಗಿಂತ ಹಿಂದಿರುವವನಿಗೆ ಆಫ್‌ಸೈಡ್ (ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತ ತಪ್ಪು) ಭಯವೂ ಇಲ್ಲ. ಎತ್ತರದ ಸ್ಟ್ರೈಕರ್ ಇಲ್ಲದ ನಮ್ಮಂಥ ತಂಡಕ್ಕೆ ಮೇಲಿಂದ ಹಾಕುವ ಕ್ರಾಸ್‌ಗಿಂತ ಇದೇ ವಾಸಿ.

ಎಲ್ಲ ದಿನಕ್ಕೂ ಇದೇ ನಡೆಯಲ್ಲ. ಮಳೆ ಬಿದ್ದು ಮೈದಾನ ಕೆಸರಾದರೆ ನೆಲದ ಪಾಸ್ ಅರ್ಧಕ್ಕೇ ನಿಲ್ಲುತ್ತದೆ. ಅಂಥ ದಿನ ರೈಟ್ ಬ್ಯಾಕ್ ತನ್ನ ಜಾಗದಲ್ಲೇ ಇರುತ್ತಾನೆ, 4-3-3 ಹಾಗೇ ಮುಂದುವರಿಯುತ್ತದೆ. ಎದುರಾಳಿ ಮುಂದೆ ಇಬ್ಬರು ವೇಗದ ಹುಡುಗರನ್ನು ಬಿಟ್ಟಿದ್ದರೆ ಹಿಂದಿನ ಐವರಲ್ಲಿ ಯಾರನ್ನೂ ಕದಲಿಸುವುದಿಲ್ಲ. ಒಬ್ಬನೇ ಇದ್ದರೆ ನಡುವಿನ ಇಬ್ಬರಲ್ಲಿ ಒಬ್ಬನಿಗೆ ಪೆನಾಲ್ಟಿ ಬಾಕ್ಸ್ ಅಂಚಿನ ತನಕ ಹೋಗು ಅನ್ನುತ್ತೇನೆ. ಡಿಫೆಂಡರ್‌ಗೆ ತಾಗಿ ಹೊರಬಂದ ಬಾಲ್ ಜಾಸ್ತಿ ಬೀಳುವುದು ಅಲ್ಲೇ.