ಸಾಗವಾನಿ ತೊಲೆಯ ಉಂಗುರಗಳಿಂದ ಹಳೆಯ ವಾಡೆಯ ಕಾಲ ಗುರುತಿಸುವ ಬಗೆ

ಗದಗ ಸೀಮೆಯ ಕಲ್ಲಿನ ಗುಡಿಗಳ ಕಾಲ ತಿಳಿಯಲು ಶಾಸನಗಳಿವೆ. ಧಾರವಾಡ, ಹಾವೇರಿ ಕಡೆಯ ಹಳೆಯ ವಾಡೆಗಳಿಗೆ, ಅಂದರೆ ದೊಡ್ಡ ಮನೆಗಳಿಗೆ, ಅಂತಹ ಆಸರೆ ಅಪರೂಪವಾದ್ದರಿಂದ ತೊಲೆ, ಕಂಬ, ಜಂತಿಗಳನ್ನೇ ಕೇಳಬೇಕಾಗುತ್ತದೆ.

ಮೊದಲು ಕಟ್ಟಿಗೆ ಯಾವುದೆಂದು ಖಚಿತಪಡಿಸಿಕೊಳ್ಳಿ. ಮಾವು, ಬೇವುಗಳ ಉಂಗುರವನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಸಾಗವಾನಿಯಾದರೆ ಬೇಸಿಗೆಗೆ ಮುನ್ನ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ, ಮಳೆಗಾಲದಲ್ಲಿ ಮತ್ತೆ ಬೆಳೆಯುತ್ತದೆ. ಹೀಗಾಗಿ ಸಾಮಾನ್ಯವಾಗಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ರಿಪೇರಿಗೆಂದು ಇಳಿಸಿದ ತೊಲೆಯ ತುದಿಯನ್ನು 120ನೇ ನಂಬರಿನ ಪಾಲಿಶ್ ಪೇಪರಿನಿಂದ ತಿಕ್ಕಲು ಆರಂಭಿಸಿ 400, 600ರವರೆಗೆ ನುಣುಪು ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ ಭೂತಗನ್ನಡಿ ಹಿಡಿದರೆ, ಸೂಜಿಯಿಂದ ಚುಚ್ಚಿದಂತಹ ದೊಡ್ಡ ರಂಧ್ರಗಳ ಸಾಲು ಕಾಣುತ್ತದೆ. ಪ್ರತಿ ವರ್ಷದ ಬೆಳವಣಿಗೆ ಅಲ್ಲಿಂದ ಶುರು. ತುದಿ ಗೋಡೆಯೊಳಗಿದ್ದರೆ ಟೊಳ್ಳು ಬೈರಿಗೆಯಿಂದ ಸಣ್ಣ ಕಡ್ಡಿಯಷ್ಟು ಕಟ್ಟಿಗೆ ತೆಗೆಯಬಹುದು.

ಹತ್ತು ಉಂಗುರಗಳಿಗೊಂದು ಚುಕ್ಕೆ ಇಡುತ್ತ, ಪ್ರತಿಯೊಂದರ ಅಗಲವನ್ನು ಅಳೆದು ಗ್ರಾಫ್ ಹಾಳೆಗೆ ಇಳಿಸಿ. ಮಳೆ ನಡುವೆ ಕೈಕೊಟ್ಟು ಮತ್ತೆ ಹಿಡಿದಾಗ ಸಾಗವಾನಿ ಸುಳ್ಳು ಉಂಗುರವನ್ನೂ ಹಾಕುವುದುಂಟು. ಆದ್ದರಿಂದ ನಡುವಿನಿಂದ ಅಂಚಿನವರೆಗೆ ಒಂದೇ ಗೆರೆಯ ಮೇಲೆ ಎಣಿಸಿ ಸುಮ್ಮನಾಗಬೇಡಿ.

ಬರೀ ಎಣಿಕೆಯಿಂದ ಇಸವಿ ಸಿಗುವುದಿಲ್ಲ. ಕಿರಿದು ಹಿರಿದು ಉಂಗುರಗಳ ಸರಣಿಯನ್ನು ಇಸವಿ ಗೊತ್ತಿರುವ ಸರಣಿಯೊಂದಿಗೆ ಜೋಡಿಸಬೇಕು. ಅಮೆರಿಕದ ಖಗೋಳ ವಿಜ್ಞಾನಿ ಡಗ್ಲಸ್ 1929ರಲ್ಲಿ ಅರಿಜೋನಾದ ಪ್ರಾಚೀನ ವಸತಿಗಳ ಕಾಲವನ್ನು ಕಂಡುಕೊಂಡದ್ದು ಹೀಗೆಯೇ. ಕೇರಳದ ಸಾಗವಾನಿಯಿಂದ 1481ರಿಂದ 2003ರವರೆಗಿನ ಸರಣಿ ಸಿದ್ಧವಾಗಿದೆಯಾದರೂ, ನಮ್ಮ ತೊಲೆಗಳಿಗೆ ದಾಂಡೇಲಿ, ಹಳಿಯಾಳ ಕಡೆಯ ಮರಗಳೇ ಹೆಚ್ಚು ಹೊಂದುವ ಸಾಕ್ಷಿ. ಐವತ್ತಕ್ಕಿಂತ ಕಡಿಮೆ ಉಂಗುರಗಳಿರುವ ತುಂಡನ್ನು ನಾನಾದರೆ ಪಕ್ಕಕ್ಕಿಡುತ್ತೇನೆ.

ಮಳೆ ಕಡಿಮೆಯಾದ ವರ್ಷ ಉಂಗುರ ಸಾಮಾನ್ಯವಾಗಿ ಕಿರಿದಾಗುವುದರಿಂದ, ಮಳೆಯ ಇತಿಹಾಸಕ್ಕೂ ಇದೇ ಅಳತೆ ಬೇಕು, ಆದರೆ ಎಳೆಯ ಮರದ ಉಂಗುರ ಸಹಜವಾಗಿಯೇ ಅಗಲವಾಗಿರುವುದರಿಂದ ವಯಸ್ಸಿನ ಆ ಪ್ರಭಾವವನ್ನು ಕಳೆದು, ಹಲವು ಮರಗಳ ಸರಾಸರಿ ತೆಗೆಯಬೇಕು. ಒಂದು ತೊಲೆಯಲ್ಲಿ ಒಂದು ಸಣ್ಣ ಉಂಗುರ ಕಂಡೊಡನೆ ಅದು 1876ರ ಬರವೆಂದು ಹೇಳಿಬಿಡುವುದು ಅವಸರ.

ಕೊನೆಯ ಉಂಗುರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ತೊಗಟೆಯಂಚು ಉಳಿದಿದ್ದರೆ ಮರ ಕಡಿದ ವರ್ಷ ಸಿಗುತ್ತದೆ. ಬಡಿಗ ಬಿಳಿಮರವನ್ನು, ಅಂದರೆ ತೊಗಟೆಯ ಒಳಗಿನ ತಿಳಿಬಣ್ಣದ ಕಟ್ಟಿಗೆಯನ್ನು, ಕೆತ್ತಿ ತೆಗೆದಿದ್ದರೆ, ಅವನ ಕೆಲಸ ಚೊಕ್ಕವಾದಷ್ಟೂ ನಮಗೆ ನಷ್ಟ, ‘ಈ ವರ್ಷದ ನಂತರ’ ಎಂದಷ್ಟೇ ಬರೆಯಬೇಕು. ತೊಲೆಯಲ್ಲಿ ಈಗಿನ ಜೋಡಣೆಗೆ ಸಂಬಂಧವಿಲ್ಲದ ಹಳೆಯ ಗೂಟದ ತೂತುಗಳಿದ್ದರೆ, ಅದು ಇನ್ನೊಂದು ಮನೆಯಿಂದ ಬಂದದ್ದಿರಬಹುದು. ಅದೇ ವಾಡೆಯ ಬೇರೆ ನಾಲ್ಕೈದು ತೊಲೆಗಳು ಅದೇ ಇಸವಿ ಹೇಳುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.