ಕಿಟಕಿ ಇಲ್ಲದ ಕೋಣೆಯಿಂದ ಬಾಲ್ಕನಿಗೆ: ಕ್ರೂಸ್ ಹಡಗಿನಲ್ಲಿ ಬಿಡ್ ಹಾಕುವುದು ಹೇಗೆ?

ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೀರಿ ಎಂದುಕೊಳ್ಳಿ. ಬೆಂಗಳೂರಿನಿಂದ ವಿಮಾನ, ವೀಸಾ, ಊಟ, ಓಡಾಟ ಎಲ್ಲ ಕೂಡಿಸಿ ನೋಡಿದಾಗ ಖರ್ಚು ಜಾಸ್ತಿ ಆಯಿತು. ಹಾಗಾಗಿ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಂಡಿರಿ. ಹೊರಡಲು ಒಂದೆರಡು ತಿಂಗಳಿದೆ ಎನ್ನುವಾಗ ಕಂಪನಿಯಿಂದ ಒಂದು ಮೇಲ್ ಬರುತ್ತದೆ. ‘ನಿಮ್ಮ ಕೋಣೆಯನ್ನು ಮೇಲ್ದರ್ಜೆಗೆ ಏರಿಸಿಕೊಳ್ಳಿ, ಬೆಲೆ ನೀವೇ ಹೇಳಿ’ ಎಂದು. ಒತ್ತಿದರೆ ಸಮುದ್ರ ಕಾಣುವ ಬಾಲ್ಕನಿಯ ಚಿತ್ರ, ಕೆಳಗೆ ಎಡಕ್ಕೂ ಬಲಕ್ಕೂ ಜಾರಿಸಿ ಬೆಲೆ ಹೇಳುವ ಒಂದು ಪಟ್ಟಿ. ಹೀಗೆ ಬೆಲೆ ಹೇಳುವುದೇ ಬಿಡ್. ಅಲ್ಲಿಂದಲೇ ಬಹಳ ಜನ ಎಡವುತ್ತಾರೆ. ಪಟ್ಟಿಯನ್ನು ಮುಟ್ಟುವ ಮೊದಲು ಏನು ಮಾಡಬೇಕು ಎನ್ನುವುದನ್ನೇ ಈ ಲೇಖನದಲ್ಲಿ ಹೆಚ್ಚು ಹೇಳುತ್ತೇನೆ.

ಇದು ಯಾವ ಥರದ ಹರಾಜು?

ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿ ಇದನ್ನು ‘ರಾಯಲ್‌ಅಪ್’ ಎನ್ನುತ್ತದೆ. ಅದೇ ಸಮೂಹದ ಸೆಲೆಬ್ರಿಟಿಯಲ್ಲಿ ಇದರ ಹೆಸರು ‘ಮೂವ್‌ಅಪ್’. ನಾರ್ವೇಜಿಯನ್‌ನಲ್ಲಿ ‘ಅಪ್‌ಗ್ರೇಡ್ ಅಡ್ವಾಂಟೇಜ್’. ಹೆಸರು ಬೇರೆ, ವಿಷಯ ಒಂದೇ. ಹಡಗು ಹೊರಡುವಾಗ ಖಾಲಿ ಉಳಿದ ಕೋಣೆ ಕಂಪನಿಗೆ ನಷ್ಟ. ಅದನ್ನು ಆಗಲೇ ಟಿಕೆಟ್ ಕೊಂಡವರಿಗೆ ಒಂದಿಷ್ಟು ಹಣಕ್ಕೆ ಕೊಟ್ಟರೆ ಲಾಭ. ಅವರು ಬಿಟ್ಟ ಕಡಿಮೆ ದರದ ಕೋಣೆಯನ್ನೂ ಮತ್ತೆ ಮಾರಬಹುದು.

ಚೀಟಿ ಕೂಗುವಾಗ ಎದುರಿನವರು ಎಷ್ಟು ಕೂಗಿದರು ಎಂದು ಕಿವಿಗೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಶಿರಸಿ, ಸಾಗರದ ಕಡೆ ಅಡಿಕೆ ಟೆಂಡರ್ ಬರೆಯುತ್ತಾರಲ್ಲ, ಹಾಗೆ. ನಿಮ್ಮ ಬೆಲೆ ನಿಮಗೆ ಮಾತ್ರ ಗೊತ್ತು. ಪಕ್ಕದವರದ್ದು ಕಾಣುವುದಿಲ್ಲ. ಟೆಂಡರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಬರೆದವರಿಗೇ ಮಾಲು. ಇಲ್ಲಿ ಕೊಡುವುದು ಬಿಡುವುದು ಪೂರ್ತಿ ಕಂಪನಿಯ ಇಷ್ಟ.

ಪಟ್ಟಿಯನ್ನು ಜಾರಿಸಿದಂತೆ ಪಕ್ಕದಲ್ಲಿ ಒಂದು ಮಾಪಕ ಕೆಂಪಿನಿಂದ ಹಸಿರಿಗೆ ತಿರುಗುತ್ತದೆ. ‘ದುರ್ಬಲ’ ಎನ್ನುವ ಮುಳ್ಳು ‘ಬಲವಾದ ಬಿಡ್’ ಎನ್ನುವ ಕಡೆಗೆ ಹೋಗುತ್ತದೆ. ಅದನ್ನು ನೋಡಿಕೊಂಡು ಬೆಲೆ ಕಟ್ಟಬೇಡಿ. ಎಷ್ಟು ಕೋಣೆ ಖಾಲಿ ಇದೆ, ಎಷ್ಟು ಜನ ಬಿಡ್ ಹಾಕಿದ್ದಾರೆ ಎಂದು ಅದು ಹೇಳುವುದಿಲ್ಲ. ಮಾಪಕವನ್ನು ಇಟ್ಟವರು ಮಾರುವವರು. ಅದು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ ಎಂದುಕೊಳ್ಳುವುದು ತಪ್ಪು.

ಮೊದಲು ಕಾಗದ, ಆಮೇಲೆ ಪಟ್ಟಿ

ನಿಮ್ಮದೇ ಹಡಗು, ನಿಮ್ಮದೇ ತಾರೀಕು ಹಾಕಿ ಕಂಪನಿಯ ಜಾಲತಾಣದಲ್ಲಿ ಹೊಸದಾಗಿ ಬುಕ್ ಮಾಡುವವರ ಹಾಗೆ ಹುಡುಕಿ. ಹಣ ಕಟ್ಟಬೇಕಿಲ್ಲ, ಸುಮ್ನೆ ಬೆಲೆ ನೋಡಿ. ಇವತ್ತು ಒಳಗಿನ ಕ್ಯಾಬಿನ್ ಎಷ್ಟು, ಬಾಲ್ಕನಿ ಎಷ್ಟು? ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಮೇಲಿನ ಗಡಿ. ಇಬ್ಬರಿಗೂ ಸೇರಿ 400 ಡಾಲರ್ ವ್ಯತ್ಯಾಸ ಎಂದು ಇಟ್ಟುಕೊಳ್ಳಿ. 400 ಕೊಟ್ಟು ನೇರವಾಗಿ ತೆಗೆದುಕೊಂಡರೆ ಕೋಣೆಯ ನಂಬರನ್ನೂ ನೀವೇ ಆರಿಸಬಹುದು. ಬಿಡ್‌ನಲ್ಲಿ ಆ ಅನುಕೂಲ ಇಲ್ಲ. ಹಾಗಿದ್ದಾಗ ಒಟ್ಟು 350 ಡಾಲರ್ ಬಿಡ್ ಹಾಕುವುದರಲ್ಲಿ ಅರ್ಥ ಇಲ್ಲ, ಅಲ್ವಾ? ನನ್ನ ಲೆಕ್ಕದಲ್ಲಿ ವ್ಯತ್ಯಾಸದ ಅರ್ಧ ದಾಟಿದರೆ ಬಿಡ್ ಬೇಡ.

ಕೊನೆಯ ಕಂತು ಕಟ್ಟುವ ದಿನ ಇನ್ನೂ ಮುಗಿದಿಲ್ಲವಾದರೆ ಇನ್ನೊಂದು ಕೆಲಸ ಮಾಡಿ. ಈ ಗಡುವು ಸಾಮಾನ್ಯವಾಗಿ ಹೊರಡುವ 75ರಿಂದ 90 ದಿನ ಮೊದಲು ಇರುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬೆಲೆ ನೋಡುತ್ತಿರಿ. ಬಾಲ್ಕನಿ ದರ ಇಳಿದರೆ ನಿಮ್ಮ ಏಜೆಂಟರಿಗೆ ಫೋನ್ ಮಾಡಿ, ವ್ಯತ್ಯಾಸ ಕಟ್ಟಿ ಬದಲಿಸಿಕೊಡಲು ಕೇಳಿ. ಬಿಡ್‌ಗಿಂತ ಇದು ಎಷ್ಟೋ ವಾಸಿ.

ಈಗ ಬಿಡ್ ಬೆಲೆ. ಪರದೆಯ ಮೇಲೆ ಕಾಣುವುದು ಒಬ್ಬರ ಲೆಕ್ಕ. ಇದನ್ನು ಎರಡು ಸಲ ಓದಿ. 100 ಡಾಲರ್ ಎಂದು ಹಾಕಿದರೆ ಕಾರ್ಡಿನಿಂದ ಹೋಗುವುದು 200. ಕೋಣೆಯಲ್ಲಿ ಒಬ್ಬರೇ ಇದ್ದರೂ ಇಬ್ಬರ ಲೆಕ್ಕವೇ. ಆದರೆ ಮಕ್ಕಳೂ ಸೇರಿ ಮೂರು, ನಾಲ್ಕು ಜನ ಒಂದೇ ಕ್ಯಾಬಿನ್‌ನಲ್ಲಿದ್ದರೆ ರಾಯಲ್‌ಅಪ್‌ನಲ್ಲಿ ಮೊದಲ ಇಬ್ಬರಿಗೆ ಮಾತ್ರ ಹಣ. ಆದ್ದರಿಂದ ಕುಟುಂಬಕ್ಕೆ ಬಿಡ್ ಸ್ವಲ್ಪ ಲಾಭದ್ದೇ.

ಆ 200ನ್ನು ರಾತ್ರಿಗಳಿಗೆ ಹಂಚಿ. ನಾಲ್ಕು ರಾತ್ರಿಗೆ ರಾತ್ರಿಯೊಂದಕ್ಕೆ 50 ಡಾಲರ್. ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವುದಕ್ಕೆ ದಿನಕ್ಕೆ ಇಷ್ಟು ಕೊಡಲು ಮನಸ್ಸಿದೆಯೇ? ಇದೆ ಎಂದಾದರೆ ಆ ಅಂಕಿಯನ್ನು ಕಾಗದದ ಮೇಲೆ ಬರೆದಿಡಿ. ಪಟ್ಟಿ ಜಾರಿಸುವಾಗ ಅದನ್ನು ದಾಟಬೇಡಿ.

ಇನ್ನು ಕಣ್ಣಿಗೆ ಬೀಳದ ಖರ್ಚು. ರಾಯಲ್ ಕೆರಿಬಿಯನ್‌ನಲ್ಲಿ 2025ರಲ್ಲಿ ದಿನದ ಗ್ರಾಚುಯಿಟಿ, ಅಂದರೆ ಸಿಬ್ಬಂದಿಗೆ ಹೋಗುವ ಟಿಪ್ಸ್, ಸಾಮಾನ್ಯ ಕೋಣೆಗೆ ತಲಾ 18.50 ಡಾಲರ್, ಸೂಟ್‌ಗೆ (ಐಷಾರಾಮಿ ದೊಡ್ಡ ಕೋಣೆ) 21 ಡಾಲರ್ ಇತ್ತು. ಸೂಟ್‌ಗೆ ಬಿಡ್ ಗೆದ್ದರೆ ಈ ಹೆಚ್ಚಿನ ದರ ನಿಮಗೆ. ನಾಲ್ಕು ರಾತ್ರಿ, ಇಬ್ಬರು ಎಂದರೆ 20 ಡಾಲರ್ ಹೆಚ್ಚು. ನಮ್ಮ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಆದರೆ ಮೇಲೆ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ವಹಿವಾಟಿಗೆ ಬ್ಯಾಂಕ್ ಹಾಕುವ ಶುಲ್ಕ, ಬೇರೆ. ಬಹಳಷ್ಟು ಕಾರ್ಡುಗಳಲ್ಲಿ ಇದು ಶೇ 3.5ರ ಆಸುಪಾಸು, ಅದರ ಮೇಲೆ ಜಿಎಸ್‌ಟಿ.

ಕಾರ್ಡಿನ ಬಗ್ಗೆ ಇನ್ನೊಂದು ಮಾತು. ರಿಸರ್ವ್ ಬ್ಯಾಂಕಿನ 2020ರ ನಿಯಮ ಬಂದ ಮೇಲೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ನಾವೇ ಆನ್ ಮಾಡಿಕೊಳ್ಳಬೇಕು. ಬಿಡ್ ಹಾಕಿದ ದಿನ ಹಣ ಕಡಿತ ಆಗುವುದಿಲ್ಲ. ಒಪ್ಪಿಗೆ ಆದ ದಿನ ಆಗುತ್ತದೆ, ಅದು ಮೂರು ವಾರದ ನಂತರ ಇರಬಹುದು. ಅಷ್ಟರಲ್ಲಿ ಸುರಕ್ಷತೆಗೆಂದು ನೀವು ಆಫ್ ಮಾಡಿಬಿಟ್ಟಿದ್ದರೆ ಸಿಕ್ಕ ಕೋಣೆ ಕೈ ತಪ್ಪಬಹುದು. ಹಡಗು ಹತ್ತುವವರೆಗೆ ಆನ್ ಇರಲಿ, ಮಿತಿ ಮಾತ್ರ ಕಡಿಮೆ ಇಟ್ಟುಕೊಳ್ಳಿ.

ಯಾವ ಬಾಲ್ಕನಿ, ಎಲ್ಲಿಯ ಬಾಲ್ಕನಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಬಿಡ್ ಗೆದ್ದರೆ ನಿಮಗೆ ಸಿಗುವುದು ಒಂದು ದರ್ಜೆ. ಒಂದು ಜಾಗ ಅಲ್ಲ. ಆ ದರ್ಜೆಯಲ್ಲಿ ಯಾವುದು ಖಾಲಿ ಇದೆಯೋ ಅದು.

ಕೆಲವು ವರ್ಷದ ಹಿಂದೆ ಅಮ್ಮನನ್ನು ಮೊದಲ ಸಲ ಹಡಗಿನಲ್ಲಿ ಕರೆದುಕೊಂಡು ಹೋಗಿದ್ದೆ. ನಾನೇ ಹುಡುಕಿ ಕೆಳಗಿನ ಮಹಡಿಯಲ್ಲಿ, ಹಡಗಿನ ನಟ್ಟನಡುವೆ ಕಿಟಕಿ ಇಲ್ಲದ ಕ್ಯಾಬಿನ್ ಆರಿಸಿದ್ದೆ. ಆಮೇಲೆ ಬಾಲ್ಕನಿಗೆ ಬಿಡ್ ಹಾಕಿದೆ. ಒಪ್ಪಿಗೆ ಬಂತು. ಅಮ್ಮ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡಿದ್ದರು. ಹೋಗಿ ನೋಡಿದರೆ ಕೋಣೆ ಮೇಲಿನ ಮಹಡಿಯಲ್ಲಿ, ಹಡಗಿನ ಮೂತಿಯ ಹತ್ತಿರ. ಅಲೆ ಸ್ವಲ್ಪ ಎದ್ದರೂ ಅಲ್ಲಿ ಉಯ್ಯಾಲೆ. ಎರಡು ರಾತ್ರಿ ಅವರಿಗೆ ವಾಂತಿ, ನಿದ್ದೆ ಇಲ್ಲ. ಬಾಲ್ಕನಿಯ ಬಾಗಿಲನ್ನು ತೆರೆಯಲೇ ಇಲ್ಲ. ಹಳೆಯ ಕೋಣೆ ಕೇಳಿದರೆ ಅದನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಒಪ್ಪಿಗೆಯಾದ ಬಿಡ್‌ಗೆ ಹಣ ವಾಪಸ್ ಇಲ್ಲ, ಕೋಣೆಯೂ ವಾಪಸ್ ಇಲ್ಲ. ಇದನ್ನು ಓದುವ ಯಾರ ಮನೆಯ ಹಿರಿಯರಿಗೂ ಹಾಗಾಗಬಾರದು ಎಂದೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಹಡಗು ತೊಟ್ಟಿಲಿನ ಹಾಗೆ ತೂಗುತ್ತದೆ. ನಡುವೆ, ನೀರಿಗೆ ಹತ್ತಿರದ ಮಹಡಿಯಲ್ಲಿ ತೂಗಾಟ ಕಡಿಮೆ. ಮುಂದೆ, ಹಿಂದೆ, ಮೇಲೆ ಹೋದಷ್ಟೂ ಜಾಸ್ತಿ. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗಲೇ ತಲೆ ಸುತ್ತುವವರು ನಿಮ್ಮ ಜೊತೆ ಇದ್ದರೆ ನಡುವಿನ ಕ್ಯಾಬಿನ್ ಆರಿಸಿ, ಅದನ್ನು ಬಿಡಬೇಡಿ. ಬಿಡ್ ಬೇಡವೇ ಬೇಡ.

ಅಜ್ಜ ಅಜ್ಜಿ ಒಂದು ಕ್ಯಾಬಿನ್, ನೀವು ಪಕ್ಕದ ಕ್ಯಾಬಿನ್ ಎಂದು ಬುಕ್ ಮಾಡಿದ್ದರೂ ಇದೇ ಮಾತು. ನಿಮ್ಮದು ಮಾತ್ರ ಗೆದ್ದರೆ ನೀವು ಹತ್ತನೇ ಮಹಡಿ, ಅವರು ಮೂರನೇ ಮಹಡಿ ಆಗಬಹುದು.

ಅಮೆರಿಕದಲ್ಲಿರುವ ನಮ್ಮವರು ಮಯಾಮಿ, ಪೋರ್ಟ್ ಕೆನವೆರಲ್ ಕಡೆಯಿಂದ ರಾಯಲ್ ಕೆರಿಬಿಯನ್‌ನ ಓಯಸಿಸ್ ದರ್ಜೆಯ ದೊಡ್ಡ ಹಡಗುಗಳಲ್ಲಿ ಹೋಗುತ್ತಾರೆ. ಅಲ್ಲಿ ಬಾಲ್ಕನಿ ಎಂದರೆ ಸಮುದ್ರ ಕಾಣಲೇಬೇಕು ಎಂದೇನಿಲ್ಲ. ಸೆಂಟ್ರಲ್ ಪಾರ್ಕ್ ಬಾಲ್ಕನಿ ಹಡಗಿನ ಒಳಗಿನ ತೋಟಕ್ಕೆ ತೆರೆದುಕೊಳ್ಳುತ್ತದೆ. ಬೋರ್ಡ್‌ವಾಕ್ ಬಾಲ್ಕನಿ ಒಳಗಿನ ಪೇಟೆಯಂಥ ಜಾಗಕ್ಕೆ. ಬಿಡ್ ಪುಟದಲ್ಲಿ ಪ್ರತಿ ದರ್ಜೆಯ ಹೆಸರನ್ನು ಪೂರ್ತಿ ಓದಿ. ಒಂದೇ ಸಲಕ್ಕೆ ನಾಲ್ಕೈದು ದರ್ಜೆಗೆ ಬಿಡ್ ಹಾಕಲು ಬಿಡುತ್ತಾರೆ. ಅದರಲ್ಲಿ ಯಾವುದು ಬೇಕಾದರೂ ಗೆಲ್ಲಬಹುದು. ಮನಸ್ಸಿಗೆ ಬೇಕಾದ ಒಂದೋ ಎರಡೋ ದರ್ಜೆಗೆ ಮಾತ್ರ ಹಾಕಿ.

ಅದೇ ಕಂಪನಿಯ ಸ್ಪೆಕ್ಟ್ರಮ್‌ನಂಥ ಕ್ವಾಂಟಮ್ ದರ್ಜೆಯ ಹಡಗುಗಳಲ್ಲಿ ಕೆಲವು ಒಳಗಿನ ಕ್ಯಾಬಿನ್‌ಗಳಿಗೆ ‘ವರ್ಚುವಲ್ ಬಾಲ್ಕನಿ’ ಇದೆ. ಗೋಡೆಯ ಎತ್ತರದ ಪರದೆಯ ಮೇಲೆ ಹೊರಗಿನ ಸಮುದ್ರ ಆ ಕ್ಷಣಕ್ಕೆ ಹೇಗಿದೆಯೋ ಹಾಗೆ ಕಾಣುತ್ತದೆ. ಮೂರ್ನಾಲ್ಕು ರಾತ್ರಿಗೆ ಅದೇ ಸಾಕು ಎನ್ನುವವರೂ ಇದ್ದಾರೆ. ಅಂಥ ಕ್ಯಾಬಿನ್ ಸಿಕ್ಕಿದ್ದರೆ ಮೇಲ್ ಅಳಿಸಿಬಿಡಿ.

ಲಾಯಲ್ಟಿ ಪಾಯಿಂಟ್ ಮತ್ತು ಬಿಡ್

ಲಾಯಲ್ಟಿ ಪಾಯಿಂಟ್ ಎಂದರೆ ಅದೇ ಕಂಪನಿಯಲ್ಲಿ ಮತ್ತೆ ಮತ್ತೆ ಹೋಗುವವರಿಗೆ ಸಿಗುವ ಅಂಕ. ಇದಕ್ಕೂ ಬಿಡ್‌ಗೂ ಒಂದು ಗಂಟಿದೆ, ಅದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ರಾಯಲ್ ಕೆರಿಬಿಯನ್‌ನ ‘ಕ್ರೌನ್ ಅಂಡ್ ಆಂಕರ್’ ಸದಸ್ಯತ್ವದಲ್ಲಿ ಸಾಮಾನ್ಯ ಕೋಣೆಯಲ್ಲಿ ಒಂದು ರಾತ್ರಿಗೆ ಒಂದು ಪಾಯಿಂಟ್. ಸೂಟ್‌ಗೆ ಎರಡು. ಕೋಣೆಯಲ್ಲಿ ಒಬ್ಬರೇ ಇದ್ದರೆ ರಾತ್ರಿಗೆ ಒಂದು ಪಾಯಿಂಟ್ ಹೆಚ್ಚು. ಆದರೆ ಬಿಡ್‌ನಲ್ಲಿ ಗೆದ್ದ ಸೂಟ್‌ಗೆ ಎರಡು ಪಾಯಿಂಟ್ ಇಲ್ಲ. ನೀವು ಮೊದಲು ಯಾವ ಕೋಣೆಗೆ ಹಣ ಕಟ್ಟಿದ್ದಿರೋ ಅದರ ಲೆಕ್ಕವೇ ನಡೆಯುತ್ತದೆ.

ಸದಸ್ಯರ ದರ್ಜೆಗಳು ಹೀಗಿವೆ: 3 ಪಾಯಿಂಟ್‌ಗೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ಪ್ಲಾಟಿನಂ ಆದವರಿಗೆ ಬಾಲ್ಕನಿ ಮತ್ತು ಸೂಟ್ ಬುಕ್ ಮಾಡುವಾಗಲೇ ರಿಯಾಯಿತಿ ಇದೆ. ಬಿಡ್‌ನ ಹಣಕ್ಕೆ ಅದು ಸಿಗುವುದಿಲ್ಲ. ಆದ್ದರಿಂದ ಪ್ಲಾಟಿನಂ ದಾಟಿದವರು ಮೊದಲೇ ಬಾಲ್ಕನಿ ಬುಕ್ ಮಾಡಿ, ನಂಬರನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ಬಿಡ್ ಇರುವುದು ಹೆಚ್ಚಾಗಿ ಹೊಸಬರಿಗೆ.

ಹೊಸಬರು ಮಾಡಬೇಕಾದ್ದು ಒಂದೇ. ಮೊದಲ ಪ್ರಯಾಣಕ್ಕೇ ಸದಸ್ಯತ್ವ ತೆಗೆದುಕೊಳ್ಳಿ, ಉಚಿತ. ಆ ನಂಬರ್ ಬುಕಿಂಗ್‌ನಲ್ಲಿ ಸೇರಿದೆಯೇ ಎಂದು ನೋಡಿ. ಏಜೆಂಟರ ಮೂಲಕ ಹೋಗುವಾಗ ಇದು ಬಿಟ್ಟುಹೋಗುವುದು ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರು, ಸದಸ್ಯತ್ವದ ಹೆಸರು ಎರಡೂ ಒಂದೇ ಇರಲಿ. ಇನಿಶಿಯಲ್ ಬಿಡಿಸಿ ಬರೆಯುವ ನಮ್ಮ ಕಡೆಯವರಿಗೆ ಒಂದೇ ಮನುಷ್ಯನ ಹೆಸರಿನಲ್ಲಿ ಎರಡು ಖಾತೆ ಆಗಿಬಿಡುತ್ತದೆ. ಗಂಡ ಹೆಂಡತಿ ಒಂದೇ ವಿಳಾಸದಲ್ಲಿದ್ದರೆ ಇಬ್ಬರಲ್ಲಿ ಯಾರ ದರ್ಜೆ ಮೇಲಿದೆಯೋ ಅದು ಇಬ್ಬರಿಗೂ ಸಿಗುವಂತೆ ಜೋಡಿಸಿಕೊಳ್ಳಬಹುದು. ಹದಿನೆಂಟು ತುಂಬದ ಮಕ್ಕಳಿಗೂ ತಂದೆ ತಾಯಿಯ ದರ್ಜೆ ಬರುತ್ತದೆ.

ಪಾಯಿಂಟ್‌ಗಾಗಿ ಪ್ರಯಾಣ ಮಾಡಬೇಡಿ. ಡೈಮಂಡ್‌ಗೆ 80 ರಾತ್ರಿ ಬೇಕು. ನಾಲ್ಕು ರಾತ್ರಿಯ ಕ್ರೂಸ್ ಆದರೆ ಇಪ್ಪತ್ತು ಸಲ. ಎರಡು ವರ್ಷಕ್ಕೊಮ್ಮೆ ಹೋಗುವ ಮನೆಗೆ ಅದು ನಲವತ್ತು ವರ್ಷ.

ಇದ್ದ ಸೌಲಭ್ಯವನ್ನು ಮಾತ್ರ ಬಿಡದೆ ಬಳಸಿ. ಡೈಮಂಡ್‌ನವರಿಗೆ ದಿನಕ್ಕೆ ನಾಲ್ಕು ಪಾನೀಯ ಉಚಿತ. ಮದ್ಯವೇ ಆಗಬೇಕಿಲ್ಲ, ಕಾಫಿಗೂ ತಂಪು ಪಾನೀಯಕ್ಕೂ ನಡೆಯುತ್ತದೆ. ಇವತ್ತಿನದ್ದನ್ನು ನಾಳೆಗೆ ಇಟ್ಟುಕೊಳ್ಳಲು ಬರುವುದಿಲ್ಲ. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಮೂರೂ ಒಂದೇ ಸಮೂಹದವು. 2024ರಿಂದ ಒಂದರಲ್ಲಿ ಗಳಿಸಿದ ದರ್ಜೆಗೆ ಸಮನಾದ ದರ್ಜೆ ಉಳಿದೆರಡರಲ್ಲೂ ಸಿಗುತ್ತಿದೆ. ಎಂಎಸ್‌ಸಿ ಕಂಪನಿ ಬೇರೆ ಹೋಟೆಲ್ ಕಾರ್ಡುಗಳ ದರ್ಜೆಯನ್ನೂ ನೋಡಿ ತನ್ನ ‘ವಾಯೇಜರ್ಸ್ ಕ್ಲಬ್’ನಲ್ಲಿ ಸಮನಾದ ಜಾಗ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಆಫೀಸ್ ಕೆಲಸಕ್ಕೆ ಊರೂರು ತಿರುಗಿ ಹೋಟೆಲ್ ಕಾರ್ಡ್ ಬೆಳೆಸಿಕೊಂಡವರು ಬುಕ್ ಮಾಡುವ ಮೊದಲೇ ಅರ್ಜಿ ಹಾಕಿ. ಕಾರ್ನಿವಲ್ ಮಾತ್ರ ದಾರಿ ಬದಲಿಸಿದೆ. ರಾತ್ರಿಗಳ ಬದಲು ಖರ್ಚು ಮಾಡಿದ ಹಣದ ಮೇಲೆ ದರ್ಜೆ ಕೊಡುವ ಹೊಸ ಪದ್ಧತಿಯನ್ನು 2026ರ ಜೂನ್‌ಗೆಂದು ಘೋಷಿಸಿತು. ಅಗ್ಗದ ಟಿಕೆಟಿನಲ್ಲಿ ಹೆಚ್ಚು ಸಲ ಹೋಗುವವರಿಗೆ ಇದರಿಂದ ಹೊಡೆತ.

ಬಿಡ್ ಹಾಕಿದ ಮೇಲೆ

ಒಪ್ಪಿಗೆ ಆಗುವವರೆಗೆ ಬಿಡ್ ಬದಲಿಸಬಹುದು, ರದ್ದು ಮಾಡಬಹುದು. ಆ ಲಿಂಕ್ ಇರುವ ಮೇಲನ್ನು ಜೋಪಾನವಾಗಿ ಇಡಿ. ಉತ್ತರ ಬರುವುದು ಒಂದು ತಿಂಗಳು ಮೊದಲೂ ಇರಬಹುದು, ಹೊರಡುವ ಒಂದೆರಡು ದಿನ ಮೊದಲೂ ಇರಬಹುದು. ನಡುವೆ ಮನಸ್ಸು ಬದಲಾದರೆ, ಜೊತೆಗೆ ಬರುವವರು ಹೆಚ್ಚು ಕಡಿಮೆ ಆದರೆ, ಅವತ್ತೇ ರದ್ದು ಮಾಡಿ.

ಗೆದ್ದರೆ ಕ್ಯಾಬಿನ್ ನಂಬರ್ ಬದಲಾಗುತ್ತದೆ. ಮೊದಲೇ ಮುದ್ರಿಸಿಟ್ಟ ಲಗೇಜ್ ಟ್ಯಾಗ್ ಹರಿದುಹಾಕಿ, ಹೊಸದು ತೆಗೆಯಿರಿ. ಇಲ್ಲವಾದರೆ ಪೆಟ್ಟಿಗೆ ಹಳೆಯ ಕೋಣೆಗೆ ಹೋಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಬೋರ್ಡಿಂಗ್ ಪಾಸ್ ಮತ್ತೊಮ್ಮೆ ತೆರೆದು ಹೊಸ ನಂಬರ್ ಬಂದಿದೆಯೇ ನೋಡಿ. ಹಡಗಿನ ನಕ್ಷೆಯಲ್ಲಿ ಆ ಕೋಣೆಯ ಮೇಲೂ ಕೆಳಗೂ ಏನಿದೆ ಎಂದು ಹುಡುಕಿ. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ. ಒಂದು ಜೊತೆ ಇಯರ್‌ಪ್ಲಗ್ ಬ್ಯಾಗಿಗೆ ಹಾಕಿಕೊಳ್ಳಿ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಳ್ಳಿ. ಮನೆಯ ಹಿರಿಯರ ಕೈಯಲ್ಲಿ ಹೊಸ ಕ್ಯಾಬಿನ್ ನಂಬರ್ ಮತ್ತು ಮಹಡಿಯನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಕೊಡಿ.